ಕರ್ನಾಟಕದ ಚದುರಂಗ ಗ್ರ್ಯಾಂಡ್‌ಮಾಸ್ಟರ್‌ಗಳು

ಗ್ರ್ಯಾಂಡ್‌ಮಾಸ್ಟರ್ ಎಂಬುದು ಚದುರಂಗದ ಆಟಗಾರರಿಗೆ ದೊರೆಯುವ ಅತ್ಯುನ್ನತ ಪದವಿ. ಇದನ್ನು ಕೊಡುವುದು ಫಿಡೆ ಎಂಬ ವಿಶ್ವ ಚದುರಂಗ ಒಕ್ಕೂಟ. ಒಮ್ಮೆ ಬಂದ ಪದವಿ ಬದುಕಿರುವವರೆಗೂ ಉಳಿಯುತ್ತದೆ. ಮುಂದೆ ಆಟ ಕುಂದಿದರೂ ಅದನ್ನು ಹಿಂದಕ್ಕೆ ಪಡೆಯುವುದಿಲ್ಲ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರ ರೂಪದಲ್ಲಿ. ಅವರು ಭಾರತದ 50ನೆಯ ಗ್ರ್ಯಾಂಡ್‌ಮಾಸ್ಟರ್. ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್ ಅವರಿಗೆ ಪದವಿ ಬಂದದ್ದು 1988ರಲ್ಲಿ. ನೆರೆಯ ತಮಿಳುನಾಡು ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಸಾಲುಸಾಲಾಗಿ ತಯಾರಿಸುತ್ತಿದ್ದ ಆ 29 ವರ್ಷ ಕರ್ನಾಟಕ ಕಾಯುತ್ತಲೇ ಇತ್ತು. ಕಾಯುವಿಕೆ ಮುಗಿದ ಮೇಲೆ ಮಾತ್ರ ಐದೇ ವರ್ಷಗಳಲ್ಲಿ ಇನ್ನೂ ಮೂವರು ಬಂದರು.

ಫಿಡೆ ಹುಟ್ಟಿದ್ದು 1924ರಲ್ಲಿ, ಪ್ಯಾರಿಸ್‌ನಲ್ಲಿ. ಅದಕ್ಕೂ ಮೊದಲೇ ಪತ್ರಿಕೆಗಳವರು ದೊಡ್ಡ ಆಟಗಾರರನ್ನು ಗ್ರ್ಯಾಂಡ್‌ಮಾಸ್ಟರ್ ಎಂದು ಕರೆಯುತ್ತಿದ್ದರಾದರೂ ಅದಕ್ಕೆ ನಿಯಮವೇನೂ ಇರಲಿಲ್ಲ. 1950ರಲ್ಲಿ ಫಿಡೆ 27 ಮಂದಿಗೆ ಅಧಿಕೃತವಾಗಿ ಪದವಿ ಕೊಟ್ಟು ಪದ್ಧತಿಯನ್ನು ಆರಂಭಿಸಿತು. ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿ. ಅದನ್ನು ಪಡೆದ ಮೊದಲ ಭಾರತೀಯ ಮ್ಯಾನ್ಯುಯೆಲ್ ಆರನ್, ವರ್ಷ 1961. ಅಲ್ಲಿಂದ ಮೇಲಿನ ಮೆಟ್ಟಿಲು ಹತ್ತಲು ಭಾರತಕ್ಕೆ 27 ವರ್ಷ ಹಿಡಿಯಿತು. ಎರಡನೆಯವರಾಗಿ ದಿವ್ಯೇಂದು ಬರುವಾ 1991ರಲ್ಲಿ, ಮೂರನೆಯವರಾಗಿ ಪ್ರವೀಣ್ ಠಿಪ್ಸೆ 1997ರಲ್ಲಿ ಬಂದರು.

ಪದವಿ ತಡವಾಗಿ ಬಂತೆಂದರೆ ಆಟವೇ ತಡವಾಗಿ ಬಂತೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆ ಇದೆ. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಗೆಯನ್ನೂ ಆ ಗ್ರಂಥ ಹೇಳುತ್ತದೆ.  

ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅದೇ ಕುದುರೆ ನಡೆಯ ಹಿಂದೆ ಬಿದ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅರಸರಿಗೆ ಉಳಿದದ್ದು ಕಲೆ, ಗ್ರಂಥ ಮತ್ತು ಆಟ. ಕುದುರೆ ಸಾಗಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರ ವರೆಗೆ ಅಂಕಿ ಹಾಕಿದಾಗ ಸಾಲುಗಳ ಮೊತ್ತ ಸಮನಾಗಿ ಬರುವಂಥ ಬಂಧಗಳನ್ನು ಅವರು ರಚಿಸಿದರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂಥ ಫಲಕಗಳ ಚಿತ್ರಗಳು ಈಗಲೂ ಇವೆ. ಆದರೆ ಸೋಮೇಶ್ವರನದಾಗಲಿ ಮುಮ್ಮಡಿಯವರದಾಗಲಿ ಅರಮನೆಯ ವಿನೋದ. ಎದುರಾಳಿಯನ್ನು ಗಡಿಯಾರದ ಮುಂದೆ ಕೂರಿಸಿ ಸೋಲಿಸುವ ವಿದ್ಯೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಮೈಸೂರಿಗೆ ಚದುರಂಗದ ಪರಂಪರೆ ಇದ್ದುದರಿಂದಲೇ ಮೊದಲ ಗ್ರ್ಯಾಂಡ್‌ಮಾಸ್ಟರ್ ಅಲ್ಲಿಂದ ಬಂದರು ಎಂದು ಕೆಲವೊಮ್ಮೆ ಹೇಳುವುದುಂಟು. ಮಾತು ಚೆನ್ನಾಗಿದೆ, ಆಧಾರ ಸಾಲದು.

ಜನಸಾಮಾನ್ಯರ ಆಟ ಬೇರೆಯೇ ಇತ್ತು. ದೇಶಿ ಕ್ರಮದಲ್ಲಿ ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಈಗಿನಂತೆ ರಾಜನೂ ಆನೆಯೂ ಜಾಗ ಬದಲಿಸಿಕೊಳ್ಳುವ ‘ಕ್ಯಾಸ್ಲಿಂಗ್’ ಇರಲಿಲ್ಲ. ಬದಲಿಗೆ ರಾಜ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದಿತ್ತು. ಮಹಾರಾಷ್ಟ್ರದ ಗಡಿಗೆ ಹತ್ತಿದ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಿರಿಯರ ಬಾಯಲ್ಲಿ ಆಟದ ಹೆಸರು ಬುದ್ಧಿಬಳ. ಮಂತ್ರಿಗೆ ವಜೀರ, ಒಂಟೆಗೆ ಉಂಟ, ಪದಾತಿಗೆ ಪ್ಯಾದಿ, ರಾಜನಿಗೆ ಬೆದರಿಕೆ ಬಂದಾಗ ‘ಶಹ’. ಇವೆಲ್ಲ ಮರಾಠಿಯೊಂದಿಗೆ ಹಂಚಿಕೊಂಡ ಮಾತುಗಳು. ರಾಯಬಾಗ ಕೊಲ್ಲಾಪುರ ಸಂಸ್ಥಾನದ ಊರಾಗಿತ್ತು, ಕಾಗವಾಡದ ಪೇಟೆ ಮಿರಜವಾಗಿತ್ತು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ದೇಶಿ ಕ್ರಮದಲ್ಲಿ ಪಳಗಿದವನು ಯುರೋಪಿನ ನಿಯಮಗಳನ್ನು ಕಲಿತು ಎಷ್ಟು ಎತ್ತರಕ್ಕೆ ಹೋಗಬಹುದೆಂಬುದಕ್ಕೆ ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಸಾಕ್ಷಿ. ಅವರು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ.

ಈ ಗಡಿ ತಾಲ್ಲೂಕುಗಳಿಗೆ ಅತ್ಯಂತ ಹತ್ತಿರದ ಚದುರಂಗ ಕೇಂದ್ರ ಕರ್ನಾಟಕದಲ್ಲಿಲ್ಲ, ಸಾಂಗ್ಲಿಯಲ್ಲಿದೆ. ಕಾಗವಾಡದಿಂದ ಮಿರಜಕ್ಕೆ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ, ಅಲ್ಲಿಂದ ಸಾಂಗ್ಲಿ ಮಗ್ಗುಲಲ್ಲೇ ಇದೆ. ಅಲ್ಲಿ ಭಾವುಸಾಹೇಬ ಪಡಸಲಗೀಕರ ಅವರು ನೂತನ ಬುದ್ಧಿಬಳ ಮಂಡಳದ ಮೂಲಕ ದಶಕಗಳ ಕಾಲ ಮಕ್ಕಳಿಗೆ ಆಟ ಕಲಿಸಿದರು, ಸ್ಪರ್ಧೆಗಳನ್ನು ನಡೆಸಿದರು. ಅದೇ ಊರಿನ ಭಾಗ್ಯಶ್ರೀ ಸಾಠೆ ಐದು ಬಾರಿ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದರು, 1991ರಲ್ಲಿ ಏಷ್ಯನ್ ಮಹಿಳಾ ಪ್ರಶಸ್ತಿ ಗೆದ್ದರು. ಅವರಿಗೆ ಪದ್ಮಶ್ರೀಯೂ ಅರ್ಜುನ ಪ್ರಶಸ್ತಿಯೂ ಬಂದಿವೆ. ಮೇಲೆ ಹೇಳಿದ ಪ್ರವೀಣ್ ಠಿಪ್ಸೆಯೇ ಭಾಗ್ಯಶ್ರೀ ಅವರ ಪತಿ. ಮುಂದಿನ ಪೀಳಿಗೆಯ ಸ್ವಾತಿ ಘಾಟೆ ಕೂಡ ಸಾಂಗ್ಲಿಯವರೇ. ಅವರು ಮಹಿಳಾ ಗ್ರ್ಯಾಂಡ್‌ಮಾಸ್ಟರ್. ಗಡಿಯ ಆಚೆಯ ಒಂದು ಜಿಲ್ಲಾ ಕೇಂದ್ರದಲ್ಲಿ ಒಬ್ಬ ಗುರು, ಒಂದು ಮಂಡಳ, ವರ್ಷವರ್ಷವೂ ತಪ್ಪದ ಟೂರ್ನಿ ಇದ್ದುದರ ಫಲ ಇದು. ಊರು ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಮುಖ್ಯವಾಗಲಿಲ್ಲ.

ಪದವಿಯ ಲೆಕ್ಕಾಚಾರ ತಿಳಿಯದೆ ಗ್ರ್ಯಾಂಡ್‌ಮಾಸ್ಟರ್ ಒಬ್ಬರ ವೃತ್ತಿಜೀವನ ಅರ್ಥವಾಗುವುದಿಲ್ಲ. ಆಟಗಾರರ ಬಲವನ್ನು ಅಂಕಿಯಲ್ಲಿ ಹೇಳುವುದಕ್ಕೆ ರೇಟಿಂಗ್ ಎನ್ನುತ್ತಾರೆ. ಇದನ್ನು ರೂಪಿಸಿದವರು ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾದ್ ಇಲೋ. ಫಿಡೆ ಅದನ್ನು 1970ರಲ್ಲಿ ಅಳವಡಿಸಿಕೊಂಡಿತು. ಗ್ರ್ಯಾಂಡ್‌ಮಾಸ್ಟರ್ ಆಗಲು ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಅದರ ಜೊತೆಗೆ ಸಾಮಾನ್ಯವಾಗಿ ಮೂರು ನಾರ್ಮ್‌ಗಳು ಬೇಕು. ನಾರ್ಮ್ ಎಂದರೆ ಒಂದು ಟೂರ್ನಿಯಲ್ಲಿ 2600 ರೇಟಿಂಗ್‌ನ ಆಟಗಾರ ಆಡುವ ಮಟ್ಟದ ಸಾಧನೆ. ಎಲ್ಲ ನಾರ್ಮ್‌ಗಳೂ ಸೇರಿ 27 ಆಟಗಳಾದರೂ ಆಗಿರಬೇಕು. ಎದುರಾಳಿಗಳಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಅರ್ಧದಷ್ಟಾದರೂ ಫಿಡೆ ಪದವಿ ಪಡೆದವರಿರಬೇಕು, ಬೇರೆ ದೇಶಗಳವರೂ ಇರಬೇಕು.

ಒಂಬತ್ತು ಸುತ್ತಿನ ಟೂರ್ನಿಯೊಂದನ್ನು ತೆಗೆದುಕೊಳ್ಳೋಣ. ಎದುರಾಳಿಗಳ ಸರಾಸರಿ ರೇಟಿಂಗ್ 2380 ಇದ್ದರೆ ನಾರ್ಮ್‌ಗೆ 7 ಅಂಕ ಗಳಿಸಬೇಕು. ಸರಾಸರಿ 2434 ಇದ್ದರೆ ಆರೂವರೆ ಸಾಕು. 2475ಕ್ಕೆ 6, 2520ಕ್ಕೆ ಐದೂವರೆ. ಸರಾಸರಿ 2380ಕ್ಕಿಂತ ಕೆಳಗಿದ್ದರೆ ಒಂಬತ್ತಕ್ಕೆ ಒಂಬತ್ತು ಗೆದ್ದರೂ ಆ ಟೂರ್ನಿ ಲೆಕ್ಕಕ್ಕೆ ಬಾರದು. ಅಂದರೆ ತನ್ನ ಊರಿನಲ್ಲಿ, ತನ್ನ ಜಿಲ್ಲೆಯಲ್ಲಿ ಎಷ್ಟೇ ಗೆದ್ದರೂ ಪದವಿಯ ಕಡೆಗೆ ಒಂದು ಹೆಜ್ಜೆಯೂ ಸಾಗುವುದಿಲ್ಲ. ಬಲವಾದ ಎದುರಾಳಿಗಳು ಇರುವಲ್ಲಿಗೆ ಹೋಗಬೇಕು, ಇಲ್ಲವೇ ಅವರನ್ನು ಇಲ್ಲಿಗೆ ಕರೆಸಬೇಕು. ಆನಂದ್ ತಮ್ಮ ಅರ್ಹತೆಯನ್ನು ಪೂರೈಸಿದ್ದು 1987ರ ಕೊನೆಯಲ್ಲಿ ಕೊಯಮತ್ತೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಟೂರ್ನಿಯಲ್ಲಿ. ತಮಿಳುನಾಡು ಎದುರಾಳಿಗಳನ್ನು ಮನೆಗೆ ಕರೆಸಿಕೊಂಡಿತು. ಅದರ ಮುನ್ನಡೆಯ ಗುಟ್ಟು ಬಹುಪಾಲು ಇಲ್ಲೇ ಇದೆ.

ರೇಟಿಂಗ್‌ನ ಕೊನೆಯ ಹತ್ತು ಅಂಕಗಳ ಸಂಕಟ ಇನ್ನೊಂದು ಬಗೆಯದು. 2400 ಒಮ್ಮೆ ಮುಟ್ಟಿದ ಆಟಗಾರನಿಗೆ ಪ್ರತಿ ಆಟದ ಫಲಕ್ಕೂ ನಿರೀಕ್ಷಿತ ಗಳಿಕೆಗೂ ಇರುವ ವ್ಯತ್ಯಾಸವನ್ನು 10ರಿಂದ ಗುಣಿಸಿ ಏರಿಳಿತವನ್ನು ನಿರ್ಧರಿಸುತ್ತಾರೆ. 2490ರಲ್ಲಿರುವವನು 2290ರ ಎದುರಾಳಿಯ ಮುಂದೆ ಕುಳಿತನೆನ್ನಿ. 200 ಅಂಕಗಳ ಅಂತರಕ್ಕೆ ಅವನಿಂದ ನಿರೀಕ್ಷಿಸುವ ಗಳಿಕೆ 0.76. ಗೆದ್ದರೆ ಸಿಗುವುದು 2.4 ಅಂಕ. ಡ್ರಾ ಆದರೆ 2.6 ಹೋಯಿತು. ಸೋತರೆ 7.6, ಅಂದರೆ ಮೂರು ಗೆಲುವುಗಳ ದುಡಿಮೆ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು. ಭಾರತದ ತೆರೆದ ಟೂರ್ನಿಗಳಲ್ಲಿ ಆ 2290ರವನು ಹೆಚ್ಚಾಗಿ ಹದಿಮೂರು ಹದಿನಾಲ್ಕರ ಹುಡುಗ. ರೇಟಿಂಗ್ ಅವನ ನಿಜವಾದ ಬಲವನ್ನು ಇನ್ನೂ ಹಿಡಿದಿರುವುದಿಲ್ಲ. 2480, 2490ರ ಆಸುಪಾಸಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದ ಆಟಗಾರರು ನಮ್ಮ ದೇಶದಲ್ಲಿ ಸಾಕಷ್ಟು ಜನ ಇದ್ದಾರೆ.

ತೇಜ್‌ಕುಮಾರ್ ಅವರ ವೃತ್ತಿಜೀವನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೈಸೂರಿನಲ್ಲಿ 1981ರಲ್ಲಿ ಹುಟ್ಟಿದ ಅವರು ಪದವಿ ಪಡೆದಾಗ 36ರ ವಯಸ್ಸಿನವರು. ಹನ್ನೆರಡು ಹದಿಮೂರಕ್ಕೇ ಗ್ರ್ಯಾಂಡ್‌ಮಾಸ್ಟರ್ ಆಗುವ ಮಕ್ಕಳ ಕಾಲದಲ್ಲಿ ಇದು ಅಪರೂಪದ ವಯಸ್ಸು. ಸಾಮಾನ್ಯವಾಗಿ ಇಪ್ಪತ್ತೈದರ ಹೊತ್ತಿಗೆ ಪದವಿ ಬಾರದಿದ್ದರೆ ಆಟಗಾರ ತರಬೇತಿಯ ಕಡೆಗೋ ಬೇರೆ ಉದ್ಯೋಗದ ಕಡೆಗೋ ಸರಿಯುತ್ತಾನೆ. ತೇಜ್‌ಕುಮಾರ್ ಸರಿಯಲಿಲ್ಲ. ಅವರಿಗೆ ಉದ್ಯೋಗ ಕೊಟ್ಟದ್ದು ನೈರುತ್ಯ ರೈಲ್ವೆ.  ಕ್ರೀಡಾ ಮೀಸಲಿನಲ್ಲಿ ಚದುರಂಗದವರನ್ನು ನೇಮಿಸಿಕೊಳ್ಳುವ ಪದ್ಧತಿ ರೈಲ್ವೆಯಲ್ಲಿ ಹಳೆಯದು. ತೈಲ ಕಂಪನಿಗಳು, ಜೀವ ವಿಮಾ ನಿಗಮ, ಏರ್ ಇಂಡಿಯಾಗಳೂ ಹೀಗೆಯೇ ಆಟಗಾರರನ್ನು ಪೋಷಿಸಿವೆ. ತಿಂಗಳ ಸಂಬಳ, ಟೂರ್ನಿಗೆ ರಜೆ ಎರಡೂ ಇದ್ದರೆ ಮಧ್ಯಮ ವರ್ಗದ ಆಟಗಾರ ಮೂವತ್ತು ದಾಟಿದ ಮೇಲೂ ಆಡುತ್ತಿರಬಹುದು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಅರಮನೆಯ ಕೊಡುಗೆಯಲ್ಲ. ಸರ್ಕಾರಿ ನೌಕರಿಯೂ ಬಿಡದ ಹಟವೂ ಸೇರಿ ತಂದ ಪದವಿ ಅದು.

ಇದಕ್ಕೆ ಪಕ್ಕದಲ್ಲಿ ಇಟ್ಟು ನೋಡಬಹುದಾದ ಹೊರನಾಡಿನ ವೃತ್ತಿಜೀವನ ರುಮೇನಿಯಾದ ಫ್ಲೋರಿನ್ ಗಿಯೋರ್ಗಿಯು ಅವರದು. 1944ರಲ್ಲಿ ಬುಕಾರೆಸ್ಟ್‌ನಲ್ಲಿ ಹುಟ್ಟಿದ ಗಿಯೋರ್ಗಿಯು 16ನೆಯ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್ ಆದರು. 1963ರಲ್ಲಿ ವಿಶ್ವ ಕಿರಿಯರ ಪ್ರಶಸ್ತಿ ಗೆದ್ದರು, 1965ರಲ್ಲಿ ರುಮೇನಿಯಾದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಮರುವರ್ಷ ಹವಾನಾದ ಚದುರಂಗ ಒಲಿಂಪಿಯಾಡ್‌ನಲ್ಲಿ ಅಮೆರಿಕದ ಬಾಬಿ ಫಿಷರ್ 17 ಆಟಗಳಲ್ಲಿ 15 ಅಂಕ ಗಳಿಸಿದರು. ಸೋತದ್ದು ಒಂದೇ ಒಂದು ಆಟ. ಸೋಲಿಸಿದವರು 22ರ ಹರೆಯದ ಗಿಯೋರ್ಗಿಯು. ಮುಂದೆ 1970ರ ದಶಕದ ಕೊನೆಯಲ್ಲೂ ಅವರು ಅಮೆರಿಕದ ತೆರೆದ ಟೂರ್ನಿಗಳಲ್ಲಿ ಗೆಲ್ಲುತ್ತಿದ್ದರು. ಆನಂದ್ ಅವರೂ 1987ರಲ್ಲಿ ವಿಶ್ವ ಕಿರಿಯರ ಪ್ರಶಸ್ತಿ ಗೆದ್ದು ಮರುವರ್ಷ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು ಎಂಬ ಹೋಲಿಕೆ ಗಮನಿಸುವಂಥದು. ಎರಡು ದೇಶಗಳ ನಡುವಿನ ಅಂತರ ಪ್ರತಿಭೆಯದಲ್ಲ. ಪೂರ್ವ ಯುರೋಪಿನ ಸಮಾಜವಾದಿ ಸರ್ಕಾರಗಳು ಚದುರಂಗವನ್ನು ರಾಷ್ಟ್ರಪ್ರತಿಷ್ಠೆಯ ಆಟವೆಂದು ಪೋಷಿಸಿದವು. ಬುಕಾರೆಸ್ಟ್‌ನಿಂದ ರೈಲಿನಲ್ಲಿ ಹೊರಟರೆ ಒಂದೆರಡು ದಿನದೊಳಗೆ ಹತ್ತಾರು ಬಲವಾದ ಟೂರ್ನಿಗಳು ಸಿಗುತ್ತಿದ್ದವು. 1953ರಲ್ಲೇ ಬುಕಾರೆಸ್ಟ್ ನಡೆಸಿದ ಅಂತರರಾಷ್ಟ್ರೀಯ ಟೂರ್ನಿಗೆ ಸೋವಿಯತ್ ಒಕ್ಕೂಟದ ದಿಗ್ಗಜರು ಬಂದಿದ್ದರು; ಮುಂದೆ ವಿಶ್ವ ಚಾಂಪಿಯನ್ ಆದ, ಆಗ 16ರ ಬಾಲಕನಾಗಿದ್ದ ಬೋರಿಸ್ ಸ್ಪಾಸ್ಕಿ ಹೊರದೇಶದಲ್ಲಿ ಮೊದಲ ಸಲ ಆಡಿದ್ದು ಅಲ್ಲೇ.

ತೇಜ್‌ಕುಮಾರ್ ಬಾಗಿಲು ತೆಗೆದ ಮರುವರ್ಷವೇ, 2018ರಲ್ಲಿ, ಶಿವಮೊಗ್ಗದ ಜಿ. ಎ. ಸ್ಟ್ಯಾನಿ ರಾಜ್ಯದ ಎರಡನೆಯ ಗ್ರ್ಯಾಂಡ್‌ಮಾಸ್ಟರ್ ಆದರು. 2019ರಲ್ಲಿ ಮೈಸೂರಿನ ಗಿರೀಶ್ ಕೌಶಿಕ್ ಆ ಸಾಲಿಗೆ ಸೇರಿದರು. ಇವರಿಬ್ಬರೂ 1990ರ ದಶಕದಲ್ಲಿ ಹುಟ್ಟಿದವರು, ಮಕ್ಕಳ ವಯೋಮಾನದ ಸ್ಪರ್ಧೆಗಳಲ್ಲಿ ಆಡಿ ಬೆಳೆದವರು. ಕಂಪ್ಯೂಟರ್ ಎಂಜಿನ್ ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವ ಕಾಲ ಅಷ್ಟರಲ್ಲಿ ಬಂದಿತ್ತು. ಶಿವಮೊಗ್ಗದಂಥ ಊರಿನಲ್ಲಿ ಕುಳಿತವನಿಗೂ ಮಾಸ್ಕೋದವನಿಗೂ ಈಗ ಸಿಗುವ ಆಟಗಳ ಸಂಗ್ರಹ ಒಂದೇ. ಎದುರಾಳಿ ಮಾತ್ರ ಒಂದೇ ಅಲ್ಲ.

ಬೆಂಗಳೂರಿನ ಪ್ರಣವ್ ಆನಂದ್ ಅವರ ಏರಿಕೆ ಈ ಮಾತನ್ನು ಸ್ಪಷ್ಟಪಡಿಸುತ್ತದೆ. 2022ರ ಜನವರಿಯಲ್ಲಿ ಸ್ಪೇನಿನ ಸಿಟ್ಜಸ್‌ನಲ್ಲಿ ಮೊದಲ ನಾರ್ಮ್, ಮಾರ್ಚ್‌ನಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎರಡನೆಯದು, ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಮೂರನೆಯದು. ಉಳಿದದ್ದು 2500. ಅದನ್ನು ಅವರು ಸೆಪ್ಟೆಂಬರ್‌ನಲ್ಲಿ ರುಮೇನಿಯಾದ ಕಪ್ಪು ಸಮುದ್ರ ತೀರದ ಮಾಮಾಯಾದಲ್ಲಿ, ವಿಶ್ವ ಯುವ ಚಾಂಪಿಯನ್‌ಶಿಪ್ ನಡೆಯುತ್ತಿದ್ದಾಗಲೇ ದಾಟಿದರು. ಟೂರ್ನಿ ಮುಗಿಯುವ ತನಕ ಕಾಯಬೇಕಿಲ್ಲ, ನಡುವಿನ ಯಾವುದೇ ಸುತ್ತಿನ ಬಳಿಕ ಗೆರೆ ದಾಟಿದರೂ ಸಾಕು ಎಂಬುದು ಫಿಡೆ ನಿಯಮ. 15ರ ಹುಡುಗ ಭಾರತದ 76ನೆಯ ಗ್ರ್ಯಾಂಡ್‌ಮಾಸ್ಟರ್ ಆಗಿ, ಅದೇ ಟೂರ್ನಿಯ 16 ವರ್ಷದೊಳಗಿನವರ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆಗಿಯೂ ಮನೆಗೆ ಮರಳಿದ. ಅವರ ತರಬೇತುದಾರರು ಇಂಟರ್‌ನ್ಯಾಷನಲ್ ಮಾಸ್ಟರ್ ವಿ. ಸರವಣನ್. ನಾಲ್ಕು ದೇಶ, ಒಂಬತ್ತು ತಿಂಗಳು: ಪದವಿಯ ಒಂದೊಂದು ಕಂತೂ ಹೊರದೇಶದಲ್ಲೇ ಸಂದಾಯವಾಯಿತು. ವಿಮಾನದ ಟಿಕೆಟ್, ವೀಸಾ, ಹೋಟೆಲು, ಜೊತೆಗೆ ಹೋಗುವ ಪೋಷಕರ ರಜೆ ಇವನ್ನೆಲ್ಲ ಹೊರಬಲ್ಲ ಮನೆತನವೋ ಪ್ರಾಯೋಜಕರೋ ಇಲ್ಲದಿದ್ದರೆ ಇಂಥ ವರ್ಷ ಸಾಧ್ಯವಿಲ್ಲ. ಪ್ರತಿಭೆಯ ಬಗ್ಗೆ ಬರೆಯುವವರು ಈ ಖರ್ಚಿನ ಬಗ್ಗೆ ಸಾಮಾನ್ಯವಾಗಿ ಮೌನವಾಗಿರುತ್ತಾರೆ.

ದೇಶದ ಚದುರಂಗಕ್ಕೂ ಇವು ಏರಿಕೆಯ ವರ್ಷಗಳು. ಅದೇ 2022ರ ಜುಲೈ–ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಮಾಮಲ್ಲಪುರದಲ್ಲಿ ಚದುರಂಗ ಒಲಿಂಪಿಯಾಡ್ ನಡೆಯಿತು. 2024ರಲ್ಲಿ ಬುಡಾಪೆಸ್ಟ್‌ನ ಒಲಿಂಪಿಯಾಡ್‌ನಲ್ಲಿ ಭಾರತ ಮುಕ್ತ ಮತ್ತು ಮಹಿಳಾ ವಿಭಾಗಗಳೆರಡರಲ್ಲೂ ಚಿನ್ನ ಗೆದ್ದಿತು. ಆ ವರ್ಷದ ಡಿಸೆಂಬರ್‌ನಲ್ಲಿ ಡಿ. ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದರು. 2025ರ ಮೇನಲ್ಲಿ ಆರ್. ಪ್ರಜ್ಞಾನಂದ ಬುಕಾರೆಸ್ಟ್‌ನ ಸೂಪರ್‌ಬೆಟ್ ಟೂರ್ನಿಯನ್ನು ಗೆದ್ದರು. ಆ ಜುಲೈಯಲ್ಲಿ ನಾಗಪುರದ ದಿವ್ಯಾ ದೇಶಮುಖ್ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ಗೆದ್ದು, ಆ ಗೆಲುವಿನ ಬಲದ ಮೇಲೆಯೇ ನಾರ್ಮ್‌ಗಳ ಹಂಗಿಲ್ಲದೆ ದೇಶದ 88ನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ದೊಡ್ಡ ಚಾಂಪಿಯನ್‌ಶಿಪ್ ಗೆದ್ದವರಿಗೆ ನೇರವಾಗಿ ಪದವಿ ಕೊಡುವ ಈ ಬಾಗಿಲು ತೀರ ಇಕ್ಕಟ್ಟಾದುದು.

ಇನ್ನು ಗಡಿ ತಾಲ್ಲೂಕುಗಳಿಗೆ ಮರಳಿದರೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಗುವಿಗೆ ಚದುರಂಗದಲ್ಲಿ ಎರಡು ದಾರಿಗಳಿವೆ. ಒಂದು ಶಾಲಾ ಕ್ರೀಡಾಕೂಟದ್ದು. ಚಿಕ್ಕೋಡಿ ಕಂದಾಯದ ಲೆಕ್ಕದಲ್ಲಿ ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕೇ ಆದರೂ ಶಿಕ್ಷಣ ಇಲಾಖೆಗೆ ಅದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಹೀಗಾಗಿ ತಾಲ್ಲೂಕು ಮಟ್ಟದಲ್ಲಿ ಗೆದ್ದವರು ಬೆಳಗಾವಿ ನಗರದ ಮಕ್ಕಳೊಂದಿಗೆ ಸೆಣಸುವ ಮೊದಲೇ ಚಿಕ್ಕೋಡಿ ಜಿಲ್ಲೆಯ ಆಟಗಾರರೆನಿಸಿಕೊಂಡು ವಿಭಾಗ ಮಟ್ಟಕ್ಕೆ ಹೋಗುತ್ತಾರೆ. ಇದೊಂದು ಅನುಕೂಲವೇ. ಪ್ರಮಾಣಪತ್ರ ಸಿಗುತ್ತದೆ, ಮುಂದೆ ಕಾಲೇಜು ಸೀಟಿಗೆ ನೆರವಾಗುತ್ತದೆ. ಆದರೆ ಈ ಕೂಟಗಳ ಕೆಳಹಂತದ ಆಟಗಳು ಫಿಡೆ ರೇಟಿಂಗ್‌ಗೆ ಸೇರುವುದಿಲ್ಲ. ಒಂದೆರಡು ದಿನಗಳಲ್ಲಿ ಮುಗಿಸಬೇಕಾದ್ದರಿಂದ ಆಟದ ಅವಧಿಯೂ ಚಿಕ್ಕದು.

ಇನ್ನೊಂದು ದಾರಿ ಚದುರಂಗ ಸಂಸ್ಥೆಗಳದು. ರಾಜ್ಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ವಯೋಮಾನದ ಆಯ್ಕೆ ಟೂರ್ನಿಗಳಲ್ಲಿ ಗೆದ್ದು ರಾಷ್ಟ್ರ ಮಟ್ಟಕ್ಕೆ ಹೋಗಬೇಕು. ರೇಟಿಂಗ್ ಟೂರ್ನಿಗಳಲ್ಲಿ ಈಗಾಗಲೇ ರೇಟಿಂಗ್ ಇರುವ ಐವರ ವಿರುದ್ಧವಾದರೂ ಆಡಿದ ಮೇಲೆ ಮೊದಲ ರೇಟಿಂಗ್ ಬರುತ್ತದೆ. 2024ರ ಮಾರ್ಚ್‌ನಿಂದ ಅದರ ಕೆಳಮಿತಿ 1400. ಹೊಸಬರಿಗೂ ಮಕ್ಕಳಿಗೂ ಮೇಲೆ ಹೇಳಿದ ವ್ಯತ್ಯಾಸವನ್ನು 10ರ ಬದಲು 40ರಿಂದ ಗುಣಿಸುವುದರಿಂದ ಚುರುಕಿನ ಹುಡುಗಿಯೊಬ್ಬಳು ಒಂದೇ ಟೂರ್ನಿಯಲ್ಲಿ ನೂರು ಅಂಕ ಏರುವುದೂ ಉಂಟು. ಈ ದಾರಿಯಲ್ಲಿ ಗಡಿಯ ವಿಚಿತ್ರ ಎದುರಾಗುತ್ತದೆ. ನೋಂದಣಿ ಕರ್ನಾಟಕದಲ್ಲಿದ್ದರೆ ಆಯ್ಕೆಗೆ ಬೆಂಗಳೂರು, ಮೈಸೂರು, ಮಂಗಳೂರುಗಳತ್ತ ಹೋಗಬೇಕಾಗುತ್ತದೆ; ಅಥಣಿಯಿಂದ ಬೆಂಗಳೂರು ರಾತ್ರಿಯಿಡೀ ಬಸ್ಸಿನ ದಾರಿ. ಮಹಾರಾಷ್ಟ್ರದ ಆಯ್ಕೆ ಟೂರ್ನಿಗಳಿಗೆ ಸಾಂಗ್ಲಿ ಪಕ್ಕದಲ್ಲೇ ಇದ್ದರೂ ಪ್ರವೇಶವಿಲ್ಲ. ಆದರೆ ತೆರೆದ ರೇಟಿಂಗ್ ಟೂರ್ನಿಗಳಿಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಸಾಂಗ್ಲಿ, ಕೊಲ್ಲಾಪುರ, ಪುಣೆಗಳಲ್ಲಿ ಅಂಥ ಟೂರ್ನಿ ನಡೆದಾಗ ನಿಪ್ಪಾಣಿ, ಕಾಗವಾಡದ ಮಕ್ಕಳು ಹೋಗಿ ಆಡಬಹುದು. ಅಲ್ಲಿ ಗಳಿಸಿದ ಅಂಕಕ್ಕೂ ಬೆಂಗಳೂರಿನಲ್ಲಿ ಗಳಿಸಿದ ಅಂಕಕ್ಕೂ ಬೆಲೆ ಒಂದೇ. ರೇಟಿಂಗ್ ಬೆಳೆಸಿಕೊಳ್ಳಲು ಮಹಾರಾಷ್ಟ್ರ, ಆಯ್ಕೆಗೆ ಕರ್ನಾಟಕ ಎಂಬ ಈ ಹಂಚಿಕೆಯೇ ಸದ್ಯಕ್ಕೆ ಇಲ್ಲಿನವರಿಗೆ ಅಗ್ಗವೂ ಜಾಣತನದ್ದೂ ಆದ ದಾರಿ.

ಇಲ್ಲಿ ಇಲ್ಲದಿರುವುದು ಏನೆಂದು ಹುಡುಕಿದರೆ ಸಿಗುವುದು ಬೋರ್ಡು, ಕಾಯಿ, ಗಡಿಯಾರ, ಮೊಬೈಲ್ ಅಲ್ಲ. ಆನ್‌ಲೈನಿನಲ್ಲಿ ಅಥಣಿಯ ಹುಡುಗ ಬುಕಾರೆಸ್ಟಿನವನ ಜೊತೆ ರಾತ್ರಿ ಆಡುತ್ತಾನೆ. ಇಲ್ಲದಿರುವುದು 2000ದ ಮಟ್ಟ ದಾಟಿದ ಮೇಲೆ ವಾರವಾರ ಎದುರು ಕೂರಬಲ್ಲ ಬಲವಾದ ಎದುರಾಳಿ, ಆಡಿದ ಆಟವನ್ನು ಬಿಡಿಸಿ ತಪ್ಪು ತೋರಿಸುವ, ಫಿಡೆ ಪದವಿ ಪಡೆದ ಗುರು. ಸಾಂಗ್ಲಿಯಲ್ಲಿ ಒಬ್ಬ ವ್ಯಕ್ತಿ ಅರ್ಧ ಶತಮಾನ ಇದನ್ನು ಒದಗಿಸಿದರು. ಕೊಯಮತ್ತೂರು, ಚೆನ್ನೈಗಳಲ್ಲಿ ಸಂಸ್ಥೆಗಳು ಒದಗಿಸಿದವು. ಕರ್ನಾಟಕದಲ್ಲಿ ಅದು ಮೈಸೂರು, ಬೆಂಗಳೂರುಗಳ ಆಸುಪಾಸಿನಲ್ಲೇ ನಿಂತಿದೆ. ತೇಜ್‌ಕುಮಾರ್ ಮತ್ತು ಗಿರೀಶ್ ಮೈಸೂರಿನವರು, ಪ್ರಣವ್ ಬೆಂಗಳೂರಿನವರು, ಸ್ಟ್ಯಾನಿ ಶಿವಮೊಗ್ಗದವರು. ಈ ನಾಲ್ವರಲ್ಲಿ ಬೆಳಗಾವಿ ಜಿಲ್ಲೆಯವರು ಯಾರೂ ಇಲ್ಲ.